ಅವರ ಮಾತಿಗೆ ನನ್ನ ಬಾಯಿ

ಮಾರ್ಚ್ ೪

ಇಂದು ಬೆಳಿಗ್ಗೆ ಹತ್ತೂವರೆಗೆ ಸಾಮ್ರಾಜ್ಯವು ಹಿಂಬಾಗಿಲಿನಿಂದ ಹೊರಟುಹೋಯಿತು. ಹಿಂಬಾಗಿಲು ಎಂದರೆ ನಮ್ಮ ನ್ಯಾಯಾಲಯದ ಹಿಂಬಾಗಿಲು. ಸಾಮ್ರಾಜ್ಯ ಎಂದರೆ ನ್ಯಾಯಾಧೀಶರು, ಅವರ ಪತ್ನಿ, ಮೂರು ಪೆಟ್ಟಿಗೆ ಮತ್ತು ಪಂಜರದ ಗಿಣಿ. ಗಿಣಿಗೆ ಗಾಡಿಯಲ್ಲಿ ಜಾಗವಿತ್ತು. ಇಪ್ಪತ್ತೆರಡು ವರ್ಷ ಅವರ ಪಕ್ಕದಲ್ಲಿ ನಿಂತು ಹಳ್ಳಿಯವರ ಮಾತನ್ನು ಸರ್ಕಾರಿ ಭಾಷೆಗೆ ತಿರುಗಿಸಿದ ದುಭಾಷಿಗೆ ಇರಲಿಲ್ಲ. ನನಗೆ ಬೇಸರವೇನಿಲ್ಲ. ದೊಡ್ಡವರಿಗೆ ದೊಡ್ಡ ಚಿಂತೆಗಳಿರುತ್ತವೆ.

ಮುಂಬಾಗಿಲಿನಿಂದ ಬಂದವುಗಳ ಬಗ್ಗೆ ಬರೆಯಲು ನಾಚಿಕೆಯಾಗುತ್ತದೆ. ಮುನ್ನೂರು ರೈತರು. ಕೈಯಲ್ಲಿ ಹಾರೆ, ಕುಡುಗೋಲು, ಒಬ್ಬನ ಕೈಯಲ್ಲಿ ಯಾವುದೋ ಬಾಗಿಲಿನ ಅಗುಳಿ. ಧಣಿಗಳ ಹೊಲದಲ್ಲಿ ವಾರಕ್ಕೆ ಮೂರು ದಿನ, ಸರ್ಕಾರದ ರಸ್ತೆಯಲ್ಲಿ ಒಂದು ದಿನ ಬಿಟ್ಟಿ ಚಾಕರಿ ಮಾಡುವುದು ಇವರ ಮುತ್ತಜ್ಜನ ಕಾಲದಿಂದ ನಡೆದುಬಂದದ್ದು. ಈಗ ಇದ್ದಕ್ಕಿದ್ದಂತೆ ಎಲ್ಲರಿಗೂ ಒಟ್ಟಿಗೆ ಬೆನ್ನು ನೋಯತೊಡಗಿದೆ. ಆರು ವಾರ ಕೆಲಸಕ್ಕೆ ಹೋಗದೆ ಕೂತರು, ಧಣಿಗಳು ಓಡಿದರು, ಪೊಲೀಸರು ಧಣಿಗಳಿಗಿಂತ ಮುಂದೆ ಓಡಿದರು. ಇಂದು ಪಟ್ಟಣಕ್ಕೇ ಬಂದರು. ನ್ಯಾಯಾಲಯದ ಮೆಟ್ಟಿಲ ಬಳಿ ನಿಂತು, ಒಬ್ಬೊಬ್ಬರಾಗಿ ಕಾಲಿನ ಕೆಸರು ಒರೆಸಿಕೊಂಡು ಒಳಗೆ ಕಾಲಿಟ್ಟರು. ರಾಜ್ಯ ಕಸಿದುಕೊಳ್ಳಲು ಬಂದವರಿಗೆ ನೆಲ ಕೊಳೆಯಾದೀತೆಂಬ ಭಯ.

ಮನೆಗೆ ಬಂದಾಗ ಇವಳು ಬಟ್ಟೆ ಗಂಟು ಕಟ್ಟಿಕೊಂಡು ಕೂತಿದ್ದಳು. "ರೀ, ನಾವೂ ಹೋಗಿಬಿಡೋಣ್ವಾ?"

"ಒಂದೇ ವಾರ. ಹಸಿವಾದ ಕೂಡ್ಲೇ ಮನೆಗೆ ಹೋಗ್ತಾರೆ."

"ಹಸಿವು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರಬೇಕು," ಎಂದಳು. ಇವಳಿಗೆ ರಾಜಕೀಯ ಅರ್ಥವಾಗುವುದಿಲ್ಲ.

ಮಾರ್ಚ್ ೬

ಕರೆ ಬಂತು. ನ್ಯಾಯಾಧೀಶರ ಕೊಠಡಿಯಲ್ಲಿ 'ಊರೊಟ್ಟಿನ ಸಭೆ' ಎಂಬುದೊಂದು ಕೂತಿದೆ. ಒಂಬತ್ತು ಜನ. ಅಧ್ಯಕ್ಷೆ ಒಬ್ಬ ಸೂಲಗಿತ್ತಿ. ಎದುರಿಗಿರುವವರಲ್ಲಿ ಅರ್ಧ ಜನ ತನ್ನ ಕೈಯಲ್ಲೇ ಭೂಮಿಗೆ ಬಂದವರು ಎಂಬುದಷ್ಟೇ ಅವಳ ಅರ್ಹತೆ. ಪಕ್ಕದಲ್ಲಿ ಒಬ್ಬ ಕಮ್ಮಾರ. ಅವನ ಅಡ್ಡಹೆಸರು ಗುಡುಗು. ಕಿವಿ ಮಂದವಾದ್ದರಿಂದ ಗುಟ್ಟನ್ನೂ ಕೂಗಿಯೇ ಹೇಳುತ್ತಾನೆ. ನ್ಯಾಯಾಧೀಶರ ಮಖಮಲ್ಲಿನ ಕುರ್ಚಿಯಲ್ಲಿ ಯಾರೂ ಕೂತಿಲ್ಲ. ಅದನ್ನು ಕಿಟಕಿಯ ಪಕ್ಕ ಸರಿಸಿ, ಮಂಡಿನೋವಿನ ಮುದುಕಿಯರಿಗೆಂದು ಬಿಟ್ಟಿದ್ದಾರೆ. ಸಾಹೇಬರು ನೋಡಿದ್ದರೆ ಎದೆಯೊಡೆದು ಸಾಯುತ್ತಿದ್ದರು.

"ಭಾಷೆ ತಿರುಗಿಸೋರು ನೀವೇ ಏನಪ್ಪ?" ಎಂದಳು ಸೂಲಗಿತ್ತಿ. "ಚಕ್ರವರ್ತಿಗಳಿಗೊಂದು ಕಾಗದ ಬರೀಬೇಕು. ನಾನು ಹೇಳ್ತೀನಿ, ನೀವು ಅವರ ಭಾಷೇಲಿ ಬರೀರಿ."

ಅವಳು ಹೇಳಿದ್ದು ಇಷ್ಟು: "ನಾವು ಯಾರ ಮೇಲೂ ಯುದ್ಧಕ್ಕೆ ಬಂದಿಲ್ಲ. ಚಕ್ರವರ್ತಿ ಅವರ ಜಾಗದಲ್ಲೇ ಇರಲಿ. ಬಿಟ್ಟಿ ಚಾಕರಿ ಇನ್ನು ಮಾಡಲ್ಲ. ನಮ್ಮೂರುಗಳನ್ನ ನಾವೇ ನೋಡ್ಕೋತೀವಿ, ನಮ್ಮ ಮಾತಲ್ಲೇ ನ್ಯಾಯ ಕೇಳ್ಕೋತೀವಿ."

ಇದನ್ನು ಹೀಗೇ ಬರೆಯಲಾದೀತೇ? ಒಂದೂವರೆ ಪುಟ ತುಂಬಿಸಿದೆ. ಓದಿ ಹೇಳು ಎಂದರು. 'ತಮ್ಮ ಪಾದಧೂಳಿಗಿಂತ ಕಡೆಯಾದ ಅಜ್ಞಾನಿ ಸೇವಕರು ನಡುಗುತ್ತ ಬಿನ್ನವಿಸುವುದೇನೆಂದರೆ' ಎಂಬಲ್ಲಿಗೆ ಅವಳು ಕೈ ಎತ್ತಿದಳು.

"ನಡುಗ್ತಾ ಅಂತ ನಾನು ಅಂದ್ನಾ?"

"ಅದು ಪದ್ಧತಿ."

"ಇಲ್ಲಿ ಯಾರು ನಡುಗ್ತಿದಾರೆ?"

"ಬರೆಯೋರ ಕೈ ನಡುಗ್ತಿದೆ," ಎಂದು ಕಮ್ಮಾರ ಇಡೀ ಬೀದಿಗೆ ಕೇಳುವಂತೆ ಹೇಳಿದ. "ಕಂಡದ್ದನ್ನೇ ಬರೆದಿದಾರೆ, ಬಿಡಿ."

ಎಲ್ಲರೂ ಹಲ್ಲು ಕಿರಿದರು. ಕಾಗದ ಕೊನೆಗೆ ಆರು ಸಾಲಿಗೆ ಇಳಿಯಿತು. ಚಕ್ರವರ್ತಿಗೆ ಆರು ಸಾಲು. ಅರಮನೆಯ ಬಾಗಿಲು ಕಾಯುವವನೂ ಅದನ್ನು ಓದಲಾರ.

ಮಾರ್ಚ್ ೧೧

ನ್ಯಾಯಾಲಯ ತೆರೆದಿದ್ದಾರಂತೆ. ಮೊದಲ ವ್ಯಾಜ್ಯ, ಒಂದು ಕತ್ತೆ ಯಾರದೆಂದು. ಇಬ್ಬರು ರೈತರು ಅರ್ಧ ಗಂಟೆ ಕಿರುಚಾಡಿದರು. ಸಾಕ್ಷಿ ಇಲ್ಲ, ಕಾಗದ ಇಲ್ಲ. ಕತ್ತೆ ಯಾರ ಹಿಂದೆ ಹೋಗುತ್ತದೋ ಅವರದು ಎಂದು ಸೂಲಗಿತ್ತಿ ತೀರ್ಪಿತ್ತಳು. ಕತ್ತೆ ಸಭಾಂಗಣವನ್ನೆಲ್ಲ ಒಮ್ಮೆ ನೋಡಿ, ನೇರವಾಗಿ ಬಂದು ನನ್ನ ಮೇಜಿನ ಪಕ್ಕ ನಿಂತಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ತೀರ್ಮಾನಗಳನ್ನು ನಾನೇ ಬರೆದಿಡಬೇಕಂತೆ. ಒಪ್ಪಿಕೊಂಡೆ. ಇಲ್ಲದಿದ್ದರೆ ಗುಡುಗಿನ ತಮ್ಮ ಬರೆಯುತ್ತಾನೆ, ಅವನ ಕಾಗುಣಿತ ನೋಡಿದರೆ ಹೊಟ್ಟೆ ತೊಳೆಸುತ್ತದೆ. ಕತ್ತೆಯ ನಡತೆಯನ್ನು ದಾಖಲೆಯಿಂದ ಬಿಟ್ಟಿದ್ದೇನೆ.

ಮಾರ್ಚ್ ೧೯

ಇಂದು ತಲೆ ಸಿಡಿಯುತ್ತಿದೆ. ದೊಡ್ಡ ಧಣಿಯ ಮೇಸ್ತ್ರಿ ಕಾಡಿನಲ್ಲಿ ಸಿಕ್ಕಿಬಿದ್ದಿದ್ದ. ಬಿಟ್ಟಿ ಚಾಕರಿಗೆ ತಡವಾಗಿ ಬಂದವರ ಬೆನ್ನಿನ ಮೇಲೆ ಚಾಟಿ ಆಡಿಸುತ್ತಿದ್ದವನು. ಹೊರಗೆ ಅಷ್ಟರಲ್ಲೇ ಒಬ್ಬ ಮರಕ್ಕೆ ಹಗ್ಗ ಎಸೆದಿದ್ದ. ಒಳಗೆ ಮೂವರು ಸಾಕ್ಷಿಗಳು ಒಟ್ಟಿಗೆ ನಿಂತು, ಒಬ್ಬನ ಮಾತನ್ನು ಇನ್ನೊಬ್ಬ ಎತ್ತಿಕೊಂಡು, ಮೇಸ್ತ್ರಿ ಒಬ್ಬ ಮುದುಕನನ್ನು ಹೊಡೆದು ಕೊಂದನೆಂದು ಹೇಳತೊಡಗಿದರು. ಸಂತೆಯಲ್ಲಿ ಕುಂಬಳಕಾಯಿ ಕೂಗಿದಂತೆ.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. "ಸಾಕ್ಷಿಗಳನ್ನ ಬೇರೆ ಬೇರೆ ಕರೆದು ಕೇಳ್ಬೇಕು. ಒಬ್ಬ ಹೇಳುವಾಗ ಇನ್ನೊಬ್ಬ ಹೊರಗಿರ್ಬೇಕು. ಇಷ್ಟೂ ಗೊತ್ತಿಲ್ದೆ ನ್ಯಾಯ ಅಂತ ಬಾಯಿಬಿಟ್ಟು ಹೇಳ್ಬೇಡಿ."

ಸಭೆಯೆಲ್ಲ ನನ್ನ ಕಡೆ ತಿರುಗಿತು. ಹಗ್ಗದಲ್ಲಿ ನನಗೂ ಜಾಗವಿರಬಹುದು ಎಂದುಕೊಂಡೆ. ಸೂಲಗಿತ್ತಿ ಸಾಕ್ಷಿಗಳತ್ತ ಕೈ ಬೀಸಿ, "ಸರಿ ಮತ್ತೆ. ಇಬ್ಬರು ಹೊರಗೆ ನಡೀರಿ," ಎಂದಳು.

ಬೇರೆಯಾಗಿ ಕೇಳಿದಾಗ ಮುದುಕ ಒಬ್ಬನ ಬಾಯಲ್ಲಿ ಬೇಸಿಗೆಯಲ್ಲಿ ಸತ್ತ, ಇನ್ನೊಬ್ಬನ ಬಾಯಲ್ಲಿ ಹಿಮದಲ್ಲಿ ಸತ್ತ. ಮೂರನೆಯವನು ಅಳುತ್ತ, ಮುದುಕ ಜ್ವರದಿಂದ ಸತ್ತದ್ದೆಂದೂ ಚಾಟಿಯೇಟು ತಿಂದದ್ದು ತಾನೆಂದೂ ಅಂಗಿ ಎತ್ತಿ ತೋರಿಸಿದ. ಬೆನ್ನು ನೋಡುವಂತಿರಲಿಲ್ಲ. ಮೇಸ್ತ್ರಿಗೆ ನೇಣು ತಪ್ಪಿತು. ಒಂದು ವರ್ಷ ರಸ್ತೆಯಲ್ಲಿ ಕಲ್ಲು ಹೊರಬೇಕು, ಕೂಲಿ ಸಹಿತ. ಕೂಲಿ ಯಾಕೆಂದು ಕಮ್ಮಾರ ಗುಡುಗಿದ. "ಬಿಟ್ಟಿ ಚಾಕರಿ ಇಲ್ಲ ಅಂದ್ಮೇಲೆ ಯಾರಿಗೂ ಇಲ್ಲ," ಎಂದಳಾಕೆ.

ನಾನು ಎದ್ದದ್ದು ತಲೆನೋವಿಗೆ. ಅದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ.

ಮಾರ್ಚ್ ೨೮

ಇವಳು ಸಭೆಗೆ ಹೋಗಿಬಂದಳು. ಹೆಂಗಸರೂ ಕೈ ಎತ್ತಿ ಮತ ಹೇಳಬಹುದಂತೆ. ಯಾವುದಕ್ಕೆ ಎತ್ತಿದೆ ಎಂದು ಕೇಳಿದೆ. "ಮೊದಲನೇ ಸಲ ಯಾವುದಾದ್ರೂ ಆಗ್ಲಿ ಅಂತ ಎತ್ತಿದೆ. ಎರಡನೇ ಸಲ ಯೋಚ್ನೆ ಮಾಡಿ ಎತ್ತಿದೆ," ಎಂದಳು. ಪಟ್ಟಣದ ಜೊತೆ ಮನೆಯೂ ಕೈತಪ್ಪಿತು.

ಏಪ್ರಿಲ್ ೨

ಹಗ್ಗ ಹೊಸೆಯುವ ಹೆಂಗಸೊಬ್ಬಳು ಬಂದು ದೂರು ಕೊಟ್ಟಳು. ಯಾರ ಮೇಲೆ ಎಂದು ಕೇಳಿ, ಬರೆಯಲು ಲೇಖನಿ ಎತ್ತಿದೆ. ಬೆರಳು ನನ್ನ ಕಡೆ ತಿರುಗಿತು.

ಹನ್ನೊಂದು ವರ್ಷದ ಹಿಂದೆ ಅವಳ ಗಂಡ ಸೌದೆ ಕಡಿದುಕೊಂಡು ಬರುವಾಗ ಧಣಿಯ ತೋಪಿನ ಕಾವಲುಗಾರನಿಗೂ ಅವನಿಗೂ ಜಗಳವಾಗಿತ್ತು. ನ್ಯಾಯಾಲಯದಲ್ಲಿ ಅವನು ಹೇಳಿದ್ದು, 'ಕೊಡಲಿ ಕೈಲಿತ್ತು.' ನಾನು ಸರ್ಕಾರಿ ಭಾಷೆಯಲ್ಲಿ ಹೇಳಿದ್ದು, 'ಕೊಡಲಿ ಎತ್ತಿದೆ.' ಹತ್ತು ವರ್ಷ ಉಪ್ಪಿನ ಗಣಿ. ಮೂರನೆಯ ವರ್ಷ ಸತ್ತ. ಹೀಗೆಂದು ಅವಳ ಆರೋಪ.

"ನಿನಗೆ ಆ ಭಾಷೆ ಬರಲ್ಲವಲ್ಲ. ನಾನು ಏನಂದೆ ಅಂತ ಹೇಗೆ ಗೊತ್ತು?" ಎಂದೆ.

"ನನಗೆ ಬರಲ್ಲ ಸ್ವಾಮಿ. ಅವರು ಗಣೀಲಿ ಎರಡು ವರ್ಷ ಇದ್ದು ಕಲಿತರಂತೆ. ಆಮೇಲೆ ಅರ್ಥ ಆಯ್ತಂತೆ, ಅವತ್ತು ನೀವು ಏನು ಹೇಳಿದ್ರಿ ಅಂತ. ಜೊತೇಲಿದ್ದೋರು ಬಿಡುಗಡೆಯಾಗಿ ಬಂದು ಹೇಳಿದ್ರು." ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಯಾಕೆ ಹಾಗಂದ್ರಿ?"

ನೆನಪಿಲ್ಲ ಎಂದೆ. ದಿನಕ್ಕೆ ನಲವತ್ತು ವ್ಯಾಜ್ಯ, ಇಪ್ಪತ್ತೆರಡು ವರ್ಷ. ಯಾರಿಗೆ ನೆನಪಿರುತ್ತದೆ? ಹಳೆಯ ಕಡತ ಹುಡುಕಿ ಬನ್ನಿ ಎಂದು ಸಭೆ ನನ್ನನ್ನೇ ಕಳಿಸಿದೆ. ಆರೋಪಿಯ ಕೈಯಲ್ಲೇ ದಾಖಲೆಕೋಣೆಯ ಬೀಗದ ಕೈ ಕೊಟ್ಟು ಕಳಿಸುವ ಮೂರ್ಖರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಲ್ಲಿ ಒಲೆಯೂ ಇದೆ, ಬೆಂಕಿಪೊಟ್ಟಣವೂ ಇದೆ.

ಏಪ್ರಿಲ್ ೩

ಸಿಕ್ಕಿತು. ನನ್ನದೇ ಅಕ್ಷರ.

ಏಪ್ರಿಲ್ ೪

ನಿನ್ನೆ ಅದಕ್ಕಿಂತ ಹೆಚ್ಚು ಬರೆಯಲಾಗಲಿಲ್ಲ. ನೆನಪಿಲ್ಲ ಎಂದದ್ದು ಸುಳ್ಳು. ಅಂದು ಊಟದ ಹೊತ್ತು ಮೀರಿತ್ತು. "ಎತ್ತಿದನೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳು," ಎಂದು ನ್ಯಾಯಾಧೀಶರು ಬೆರಳಿನಿಂದ ಮೇಜು ಕುಟ್ಟುತ್ತಿದ್ದರು. ಆ ಮನುಷ್ಯ ಸೌದೆ, ಮಳೆ, ಬಾಣಂತಿ ಹೆಂಡತಿ ಎಂದು ಎಳೆಯುತ್ತಿದ್ದ. ಒಂದೇ ಮಾತಿನಲ್ಲಿ ಹೇಳಿದೆ.

ಕಡತ ತಂದು ಸಭೆಯಲ್ಲಿ ಓದಿದೆ. "ಇದು ನನ್ನ ಮಾತು, ಅವನದಲ್ಲ," ಎಂದೆ. ಏನು ಬೇಕೆಂದು ಸೂಲಗಿತ್ತಿ ಆ ಹೆಂಗಸನ್ನು ಕೇಳಿದರು.

"ನಮ್ಮೂರಲ್ಲಿ ಎಲ್ರೂ ಅವರನ್ನ ಕೊಡಲಿ ಎತ್ತಿದೋನು ಅಂತಾರೆ. ನನ್ನ ಮಗಳಿಗೆ ಕೊಡಲಿಯವನ ಮಗಳು ಅಂತಾರೆ. ಇವರು ಬಂದು ಅಲ್ಲಿ ಹೇಳ್ಲಿ. ಅಷ್ಟು ಸಾಕು."

ಅದೇ ನನಗೆ ಶಿಕ್ಷೆ. ಜೊತೆಗೊಂದು ಹೊಸ ನಿಯಮ: ದುಭಾಷಿ ಏನನ್ನು ತಿರುಗಿಸಿದರೂ, ತಾನು ಏನು ಹೇಳಿದೆನೆಂದು ಮಾತನಾಡಿದವರಿಗೆ ಅವರ ಮಾತಿನಲ್ಲೇ ಮರಳಿ ಹೇಳಬೇಕು. ಅವರು ಹೂಂ ಎಂದ ಮೇಲೆಯೇ ಬರೆಯಬೇಕು. ನಿಯಮದ ಕರಡು ನನ್ನದು. ವಾಕ್ಯ ಚೆನ್ನಾಗಿ ಕೂತಿದೆ.

ಏಪ್ರಿಲ್ ೯

ಹಗ್ಗ ಹೊಸೆಯುವವಳ ಊರಿಗೆ ಹದಿನಾಲ್ಕು ಮೈಲಿ. ಗಾಡಿಗೆ ಸ್ಪ್ರಿಂಗ್ ಇಲ್ಲ, ಗಾಡಿಯವನ ಬಾಯಿಗೆ ಬೀಗ ಇಲ್ಲ. ಅವನ ಮೂವರು ಅಳಿಯಂದಿರ ಅವಗುಣಗಳೆಲ್ಲ ಈಗ ನನಗೆ ಬಾಯಿಪಾಠ.

ಒಕ್ಕುವ ಕಣದಲ್ಲಿ ನಲವತ್ತು ಜನ ಸೇರಿದ್ದರು. ಮೂರು ವಾಕ್ಯಗಳ ಮಾತು ಸಿದ್ಧಮಾಡಿಕೊಂಡು ಹೋಗಿದ್ದೆ. ಹೇಳಿದ್ದು ಒಂದು: "ಅವನು ಕೊಡಲಿ ಎತ್ತಲಿಲ್ಲ, ಎತ್ತಿದ ಅಂದದ್ದು ನಾನು." ಅವಳ ಮಾವ, ತೊಂಬತ್ತರ ಮುದುಕ, ಕೇಳಿಸಲಿಲ್ಲ ಎಂದ. ಮತ್ತೆ ಹೇಳಿದೆ. ಇನ್ನೊಮ್ಮೆ ಹೇಳಪ್ಪ ಎಂದ. ಕಿವಿ ಮಂದವೋ, ಆ ಮಾತನ್ನು ಮೂರು ಸಲ ಕೇಳುವ ಆಸೆಯೋ ತಿಳಿಯಲಿಲ್ಲ. ಮೂರನೆಯ ಸಲ ಹೇಳಿ ಮುಖ ಒರೆಸಿಕೊಂಡೆ. ಕಣದಲ್ಲಿ ಧೂಳು ವಿಪರೀತ.

ಕುಡಿಯಲು ನೀರು ಕೊಟ್ಟರು. ಮಗಳು ತಂದುಕೊಟ್ಟಳು. ಹನ್ನೊಂದರ ವಯಸ್ಸು.

ಏಪ್ರಿಲ್ ೨೬

ರಾಜಧಾನಿಯಿಂದ ಉತ್ತರ ಬಂತು. ಆರು ಸಾಲಿಗೆ ನಾಲ್ಕು ಪುಟ. ನಾಲ್ಕು ಪುಟದಲ್ಲಿ ಒಂದೂ ಕ್ರಿಯಾಪದವಿಲ್ಲ. 'ವಿಷಯವು ಪರಿಶೀಲನೆಯಲ್ಲಿ', 'ಸೂಕ್ತ ಕ್ರಮ ಯಥಾಕಾಲದಲ್ಲಿ'. ಇಂಥ ಬರಹಕ್ಕೆ ಅರಮನೆಯಲ್ಲಿ ಸಂಬಳ ಕೊಡುತ್ತಾರೆಯೇ? ನಮ್ಮ ಕಾಗದ ಎಷ್ಟು ಚೊಕ್ಕವಾಗಿತ್ತು.

ಓದಿ ಹೇಳಿದೆ. "ಏನಂತೆ ಒಟ್ಟಿನಲ್ಲಿ?" ಎಂದರು ಸೂಲಗಿತ್ತಿಯಮ್ಮ.

"ಒಟ್ಟಿನಲ್ಲಿ ಸೈನ್ಯ ಬರುತ್ತೆ," ಎಂದೆ.

"ಹೂಂ," ಎಂದರು. ಆಮೇಲೆ ಉಳುಮೆಯ ಎತ್ತುಗಳನ್ನು ಯಾವ ಊರಿಗೆ ಯಾವ ದಿನ ಕೊಡುವುದೆಂಬ ಚರ್ಚೆ ಮಧ್ಯಾಹ್ನದವರೆಗೆ ನಡೆಯಿತು.

ಮೇ ೯

ಸೈನ್ಯ ಬಂತು. ಹಾರೆ ಕುಡುಗೋಲಿನ ಎದುರು ಆರು ಫಿರಂಗಿ. ಕಾಲು ಒರೆಸಿಕೊಳ್ಳದೆ ಒಳಗೆ ನುಗ್ಗಿದರು, ನೆಲವೆಲ್ಲ ಕೆಸರು. ಕಮ್ಮಾರ ಸೇತುವೆಯ ಬಳಿ ಸತ್ತ. ಓಡಿ ಎಂದು ಹಿಂದಿನಿಂದ ಎಲ್ಲರೂ ಕೂಗಿದ್ದು ಅವನಿಗೆ ಕೇಳಿಸಿರಲಾರದು.

ಸಭೆಯವರು ಬೆಟ್ಟಕ್ಕೆ ಹೋದರು. ಸೂಲಗಿತ್ತಿಯಮ್ಮ ಹೋಗಲಿಲ್ಲ. ಚರ್ಮ ಹದ ಮಾಡುವವನ ಮನೆಯಲ್ಲಿ ಹೆರಿಗೆ ನಡೆಯುತ್ತಿತ್ತು. ಸಿಪಾಯಿಗಳು ಒಳಗೆ ಹೋದಾಗ ಅಮ್ಮ, "ಬಾಗಿಲು ಹಾಕಿ, ಗಾಳಿ ಬರುತ್ತೆ," ಎಂದರಂತೆ. ಹಾಕಿಕೊಂಡು ಹೊರಗೇ ಕಾದರಂತೆ ಆ ವೀರರು. ಮಗು ಹೆಣ್ಣು. ಆಮೇಲೆ ಅಮ್ಮ ಕೈ ತೊಳೆದುಕೊಂಡು ಹೊರಗೆ ಬಂದರು.

ಮೇ ೧೩

ನ್ಯಾಯಾಧೀಶರು ಮರಳಿದ್ದಾರೆ. ಗಿಣಿಯೂ ಮರಳಿದೆ. ನನ್ನನ್ನು ಕರೆಸಿ, ಭುಜದ ಮೇಲೆ ಕೈಯಿಟ್ಟು, ಆ ಕಾಡುಜನರ ನಡುವೆ ನಾನು ಪಟ್ಟ ಪಾಡಿಗೆ ಸರ್ಕಾರ ಋಣಿಯಾಗಿದೆ ಎಂದರು. ಪದಕದ ಮಾತೂ ಬಂತು.

ನಂತರ ಬಾಗಿಲು ಮುಚ್ಚಿಸಿದರು. "ನಾಡಿದ್ದು ಆ ಹೆಂಗಸು ಏನಾದರೂ ಗೊಣಗುತ್ತಾಳೆ. ನೀನು ಹೇಳಬೇಕಾದದ್ದು ಇಷ್ಟೇ: 'ಇಲ್ಲಿ ಚಕ್ರವರ್ತಿ ಇಲ್ಲ, ನಾವೇ ರಾಜ್ಯ.' ಉಳಿದದ್ದು ನನಗೆ ಬಿಡು." ಚಕ್ರವರ್ತಿಯನ್ನು ಅಲ್ಲಗಳೆದವರಿಗೆ ನೇಣು. ಉಳಿದ ಅಪರಾಧಗಳಿಗೆ ಗಣಿ.

ಇಪ್ಪತ್ತೆರಡು ವರ್ಷ ನಮ್ಮ ಮಾತಿನ ನಡುವೆ ಕೂತು, ಕುಡಿಯಲು ನೀರು ಕೊಡಿ ಎಂದು ಕೇಳುವಷ್ಟೂ ಕಲಿಯದ ಮನುಷ್ಯ. ಹಿಂದೆ ಇದು ನನಗೆ ದೊಡ್ಡಸ್ತಿಕೆಯಾಗಿ ಕಂಡಿತ್ತು.

ಮೇ ೧೫

ಸೂಲಗಿತ್ತಿಯಮ್ಮನವರನ್ನು ಕಟಕಟೆಗೆ ತಂದರು. ರಾಜಧಾನಿಯ ಇಬ್ಬರು ಅಧಿಕಾರಿಗಳು ನ್ಯಾಯಾಧೀಶನ ಪಕ್ಕದಲ್ಲಿ ಕೂತಿದ್ದರು. ಚಕ್ರವರ್ತಿಯ ಬಗ್ಗೆ ಏನು ಹೇಳುತ್ತೀಯ ಎಂದು ಅವನು ಕೇಳಿದ. ಅವರು ಹೇಳಿದರು: "ಚಕ್ರವರ್ತಿ ಅವರ ಜಾಗದಲ್ಲಿ ಇರಲಿ, ನಮ್ಮೂರನ್ನ ನಾವು ನೋಡ್ಕೋತೀವಿ ಅಂದ್ವಿ. ಈಗಲೂ ಅದನ್ನೇ ಅಂತೀನಿ."

ಆ ಮಾತನ್ನು ಸರ್ಕಾರಿ ಭಾಷೆಯಲ್ಲಿ ಹೇಳಿದೆ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. ನ್ಯಾಯಾಧೀಶನ ಮುಖ ಕೆಂಪಾಯಿತು. "ಸರಿಯಾಗಿ ಕೇಳಿಸಿಕೊಂಡೆಯಾ?" ಎಂದ. ಇನ್ನೊಮ್ಮೆ ಹೇಳಿದೆ, ಈ ಸಲ ಗಟ್ಟಿಯಾಗಿ. ಆಮೇಲೆ ಕಟಕಟೆಯ ಕಡೆ ತಿರುಗಿ, ನಾನು ಏನು ಹೇಳಿದೆನೆಂದು ಅವರಿಗೆ ತಿಳಿಸಿದೆ. ಅವರು ಹೂಂ ಎಂದರು. ನಂತರ ಗುಮಾಸ್ತನಿಗೆ, "ಇನ್ನು ಬರ್ಕೋ," ಎಂದೆ. ನಿಯಮ ನಿಯಮವೇ. ಕರಡು ಮಾಡಿದವನೇ ಅದನ್ನು ಮುರಿದರೆ ಹೇಗೆ?

ರಾಜಧಾನಿಯವರು ಬರೆದುಕೊಂಡಾಗಿತ್ತು. ನ್ಯಾಯಾಧೀಶನಿಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಏಳು ವರ್ಷ ಗಣಿ.

ಅವರನ್ನು ಗಾಡಿಗೆ ಹತ್ತಿಸುವಾಗ ಹತ್ತಿರ ಹೋದೆ. "ಅಮ್ಮಾ, ಇಷ್ಟೇ ನನ್ನ ಕೈಲಾದದ್ದು."

"ನಿಮ್ಮ ಹೆಂಡತಿಗೆ ಹೇಳಿ, ಚರ್ಮದವನ ಸೊಸೆಗೆ ಇನ್ನೂ ಮೂರು ದಿನ ಬಿಸಿನೀರು ಕಾಯಿಸ್ಕೊಡ್ಬೇಕು ಅಂತ," ಎಂದರು. ಏಳು ವರ್ಷದ ಗಣಿಗೆ ಹೊರಟವರ ಮಾತು. ಬೇರೆಯವರಾಗಿದ್ದರೆ ಭಾಷಣ ಬಿಗಿಯುತ್ತಿದ್ದರು.

ಮೇ ೧೭

ಕೆಲಸದಿಂದ ವಜಾ. ಸಂಜೆ ಸಿಪಾಯಿಗಳು ಬಂದು ಬಾಗಿಲಲ್ಲಿ ನಿಂತಿದ್ದಾರೆ, ಇವಳು ಬಟ್ಟೆ ಕಟ್ಟಿಕೊಡುವಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ. ಸಭೆಯ ಅಷ್ಟೂ ತೀರ್ಮಾನಗಳು ನನ್ನ ಅಕ್ಷರದಲ್ಲಿವೆ ಎಂಬುದು ಎರಡು ದಿನದಲ್ಲಿ ಅವರ ತಲೆಗೆ ಹೊಳೆಯಿತು. ಸಾಮ್ರಾಜ್ಯದ ಚುರುಕುತನ.

ಮೇ ೨೮

ಈ ಪುಸ್ತಕವನ್ನು ಇವಳು ಊಟದ ಬುಟ್ಟಿಯ ತಳದಲ್ಲಿಟ್ಟು ಸೆರೆಮನೆಗೆ ತಂದುಕೊಟ್ಟಳು. ಕಾವಲಿನವನು ಬುಟ್ಟಿಯಲ್ಲಿದ್ದ ಬೇಯಿಸಿದ ಮೊಟ್ಟೆಯನ್ನು ಮಾತ್ರ ಪರಿಶೀಲಿಸಿದ, ತಿಂದ.

ನಿನ್ನೆ ನನ್ನ ವಿಚಾರಣೆ. ಬಲವಂತವಾಗಿ ಬರೆಸಿಕೊಂಡರು ಎಂದು ಹೇಳಿಬಿಟ್ಟರೆ ಬಿಡುಗಡೆ ಎಂದು ನ್ಯಾಯಾಧೀಶ ಹೇಳಿಕಳಿಸಿದ್ದ. ನಾಲ್ಕು ಜನರೆದುರು ತಾನು ನಂಬಿದ ದುಭಾಷಿ ಬಂಡಾಯಗಾರನಾದ ಎನ್ನಿಸಿಕೊಳ್ಳುವುದು ಅವನಿಗೂ ಬೇಡವಾಗಿತ್ತು. ಇವಳಿಗೆ ಈ ಸಂಗತಿ ತಿಳಿಸಿ, ಏನು ಮಾಡಲಿ ಎಂದು ಕೇಳಿದ್ದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಇವಳನ್ನು ಹಾಗೆ ಕೇಳಿದ್ದು ಮೊದಲು.

"ನಿಮಗೆ ಹೇಗೆ ತೋಚುತ್ತೋ ಹಾಗೆ ಹೇಳಿ," ಎಂದಿದ್ದಳು. "ಆದ್ರೆ ನಮ್ಮ ಮಾತಲ್ಲೇ ಹೇಳಿ. ಇಷ್ಟು ವರ್ಷ ಅಲ್ಲಿ ನಿಂತು ಏನೇನು ಮಾತಾಡಿದ್ರೋ ನನಗೆ ಒಂದೂ ಗೊತ್ತಾಗ್ಲಿಲ್ಲ. ಇದೊಂದು ನಾನೂ ಕೇಳಿಸ್ಕೋಬೇಕು."

ಬಲವಂತವೇ? ಎಂಬತ್ತಮೂರು ತೀರ್ಮಾನಗಳು, ಒಂದರಲ್ಲೂ ಕಾಗುಣಿತ ತಪ್ಪಿಲ್ಲ, ಒಂದು ಮಾತು ಹೆಚ್ಚಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಚೊಕ್ಕವಾಗಿ ಬೇರೇನನ್ನೂ ಬರೆದಿಲ್ಲ. ಅದನ್ನು ಬಲವಂತಕ್ಕೆ ಬರೆದೆ ಎಂದು ಒಪ್ಪಿಕೊಳ್ಳಬೇಕಂತೆ.

ನನ್ನ ಜಾಗದಲ್ಲಿ ರಾಜಧಾನಿಯಿಂದ ತರಿಸಿದ ಹೊಸ ದುಭಾಷಿ ನಿಂತಿದ್ದ. ಗರಿಗರಿ ಕಾಲರು, ಮುಖದಲ್ಲಿ ಬೆವರು. ಕಟಕಟೆಯಿಂದ ನಾನು ಊರಮಾತಿನಲ್ಲೇ ಉತ್ತರ ಕೊಡತೊಡಗಿದಾಗ ನ್ಯಾಯಾಧೀಶ ಬಾಯಿ ತೆರೆದ. "ನೀನು ಸರ್ಕಾರಿ ಭಾಷೆ ಬಲ್ಲವನಲ್ಲವೇ?"

"ಬಲ್ಲೆ. ನೀವು ನಮ್ಮದನ್ನ ಬಲ್ಲಿರಾ?" ಎಂದೆ. ಅದನ್ನು ತಿರುಗಿಸಲು ಹೊಸಬನಿಗೆ ಧೈರ್ಯ ಬರಲಿಲ್ಲ.

ಬಲವಂತವಿತ್ತೇ ಎಂದು ಕೇಳಿದರು.

"ಯಾರೂ ಬಲವಂತ ಮಾಡ್ಲಿಲ್ಲ. ನಾವು ಸಭೇಲಿ ಕೂತು ಮಾತಾಡಿ ತೀರ್ಮಾನ ಮಾಡ್ತಿದ್ವಿ. ಅದನ್ನ ನಾನು ಬರೀತಿದ್ದೆ."

ಹೊಸಬ ಅದನ್ನು ತಿರುಗಿಸಿದ. ಅವನ ಬಾಯಲ್ಲಿ ಅದು, 'ಅವರು ತೀರ್ಮಾನ ಮಾಡುತ್ತಿದ್ದರು, ನಾನು ಬರೆಯುತ್ತಿದ್ದೆ' ಎಂದಾಯಿತು. ಗುಮಾಸ್ತನ ಲೇಖನಿ ಓಡತೊಡಗಿತು.

"ನಿಲ್ಸು," ಎಂದೆ. "ನಾನು ಹೇಳಿದ್ದು 'ಅವರು' ಅಂತ ಅಲ್ಲ. 'ನಾವು' ಅಂತ."

ಅವನು ಕಟಕಟೆಯ ಹತ್ತಿರ ಬಂದು ಪಿಸುಗುಟ್ಟಿದ. "ಗೊತ್ತು ಸಾರ್. 'ಅವರು' ಅಂದ್ರೆ ನೀವು ಬರೀ ಬರೆದೋರಾಗ್ತೀರಿ, ಮನೆಗೆ ಹೋಗ್ಬಹುದು. 'ನಾವು' ಅಂದ್ರೆ ನೀವೂ ಸಭೆಯವರಾಗ್ತೀರಿ. ನಾನು ಬೇಕಂತಲೇ ಹಾಗಂದೆ."

"ನನ್ನ ಒಳ್ಳೇದು ನಿನ್ನ ಕೆಲಸ ಅಲ್ಲಪ್ಪ. ನಾನು ಹೇಳಿದ್ದನ್ನ ಹೇಳು. ಏನು ಹೇಳಿದೆ ಅಂತ ತಿರುಗಿ ನನಗೂ ಹೇಳು."

ಅವನು ಬೆವರು ಒರೆಸಿಕೊಂಡ. ಹೇಳಿದ. ನನ್ನ ಕಡೆ ತಿರುಗಿ ನನಗೂ ಹೇಳಿದ. ನಾನು ಹೂಂ ಎಂದೆ. ಗುಮಾಸ್ತ ಒಂದು ಪದ ಹೊಡೆದುಹಾಕಿ ಇನ್ನೊಂದನ್ನು ಬರೆದುಕೊಂಡ. ಹಿಂದಿನ ಬೆಂಚಿನಲ್ಲಿ ಇವಳು ಕೂತಿದ್ದಳು, ಹಗ್ಗ ಹೊಸೆಯುವವಳ ಪಕ್ಕದಲ್ಲಿ. ಎಲ್ಲ ಕೇಳಿಸಿತೆಂದು ಕಾಣುತ್ತದೆ.

ನಾಲ್ಕು ವರ್ಷ ಗಣಿ. ನಾಳೆ ಬೆಳಿಗ್ಗೆ ಗಾಡಿ.

ಹೊಸಬನ ಉಚ್ಚಾರಣೆ ಪರವಾಗಿಲ್ಲ. ಸರ್ವನಾಮಗಳಲ್ಲಿ ಮಾತ್ರ ಇನ್ನೂ ಕಚ್ಚಾ.